ಪಾಲೆ ಒಂಬತ್ತು

(ಹಾಸನದಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರುಗಳು, ಮೇಡಂಗಳು, ತಂದೆತಾಯಿಗಳು ಸೇರಿದ್ದ ಒಂದು ಸಭೆಯಲ್ಲಿ ಆಡಿದ ಮಾತು. ಮಗಳು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದಳು, ಅದನ್ನು ಕೇಳುತ್ತಾ ಬರೆದಿದ್ದೇನೆ. ಎರಡೆರಡು ಸಲ ಹೇಳಿದ್ದನ್ನು ಒಂದು ಮಾಡಿದ್ದೇನೆ, ಅಷ್ಟೇ.)

ಎಲ್ಲರಿಗೂ ನಮಸ್ಕಾರ.

ನಾನು ಭಾಷಣ ಮಾಡುವವನಲ್ಲ, ಏಜೆನ್ಸಿ ಇಟ್ಟುಕೊಂಡಿರುವವನು. ಸೋಪು, ಬಿಸ್ಕತ್ತು, ಊದುಬತ್ತಿ, ಟೀಪುಡಿ ಇವನ್ನೆಲ್ಲ ವ್ಯಾನಿಗೆ ತುಂಬಿಕೊಂಡು ಹಗರೆ, ಬೇಲೂರು, ಹಳೇಬೀಡು ಕಡೆಯ ಅಂಗಡಿಗಳಿಗೆ ಹಾಕಿ ಬರುವುದು ನನ್ನ ಕೆಲಸ. ಆ ಕಡೆಯವರು ಯಾರಾದರೂ ಇಲ್ಲಿದ್ದರೆ, ನಿಮ್ಮ ಬಚ್ಚಲುಮನೆಯಲ್ಲಿ ಯಾವ ಸೋಪಿದೆ ಅನ್ನುವುದು ನಿಮ್ಮ ನೆಂಟರಿಗಿಂತ ನನಗೇ ಚೆನ್ನಾಗಿ ಗೊತ್ತು. ಇಂಥವನನ್ನು ಮೇಷ್ಟ್ರುಗಳ ಮುಂದೆ ಯಾಕೆ ನಿಲ್ಲಿಸಿದ್ದಾರೆ ಅಂದರೆ, ಹತ್ತು ವರ್ಷ ತುಂಬುವವರೆಗೂ ನನಗೆ ಓದಲು ಬರುತ್ತಿರಲಿಲ್ಲ. ಬರುತ್ತಿರಲಿಲ್ಲ ಅನ್ನುವುದು ಮನೆಯವರಿಗೂ ಗೊತ್ತಿರಲಿಲ್ಲ. ಯಾಕೆ ಗೊತ್ತಾಗಲಿಲ್ಲ, ಗೊತ್ತಾದ ಮೇಲೆ ಏನಾಯಿತು, ಇವೆರಡನ್ನು ಹೇಳುತ್ತೇನೆ.

ನನ್ನದು ಬೇಲೂರು ತಾಲ್ಲೂಕು. ಹಲ್ಮಿಡಿ ಇರುವುದೂ ನಮ್ಮ ತಾಲ್ಲೂಕಿನಲ್ಲೇ. 1936ರಲ್ಲಿ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಆ ಕಲ್ಲು ಸುಮಾರು ಕ್ರಿ.ಶ. 450ರದು, ಹದಿನಾರು ಸಾಲಿನದು. ಕನ್ನಡದ ಮೊದಲ ಶಾಸನ ಅಂತ ನಾವೆಲ್ಲ ಪಾಠದಲ್ಲಿ ಓದಿದ್ದೇವೆ. ಓದಿದ್ದೇವೆ ಅಂದೆ, ತಪ್ಪು. ನೀವು ಓದಿದ್ದೀರಿ, ನಾನು ಪಕ್ಕದವನು ಓದಿದ್ದನ್ನು ಕೇಳಿಸಿಕೊಂಡು ಬಾಯಿಪಾಠ ಒಪ್ಪಿಸಿದ್ದೇನೆ. ಹದಿನೈದು ನೂರು ವರ್ಷದ ಹಿಂದೆಯೇ ಕಲ್ಲಿನ ಮೇಲೆ ಅಕ್ಷರ ಕೊರೆದ ಸೀಮೆಯಲ್ಲಿ ಹುಟ್ಟಿ ಸ್ಲೇಟಿನ ಮೇಲಿನ ಅಕ್ಷರ ಹತ್ತದೇ ಹೋಯಿತು.

ಅಪ್ಪನದು ರಸ್ತೆ ಬದಿಯ ದಿನಸಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಗೋಣಿಚೀಲದ ಪರದೆ. 1980ರ ಆಸುಪಾಸು ಅಂಥ ಅಂಗಡಿಗೆ ಬರುವವರು ಸಾಮಾನಿನ ಹೆಸರು ಹೇಳುತ್ತಿದ್ದ ರೀತಿ ನಿಮ್ಮಲ್ಲಿ ವಯಸ್ಸಾದವರಿಗೆ ನೆನಪಿರಬಹುದು. 'ಕೆಂಪು ಸೋಪು ಒಂದು ಕೊಡಪ್ಪ.' 'ಮರದ ಡಬ್ಬ ಇದ್ಯಾ?' ಮರದ ಡಬ್ಬ ಅಂದರೆ ಡಾಲ್ಡಾ, ಹಳದಿ ಡಬ್ಬದ ಮೇಲೆ ತಾಳೆಮರ ಇರುತ್ತಿತ್ತಲ್ಲ. ನಿರ್ಮಾಗೆ 'ಹುಡುಗಿ ಪುಡಿ'. ಮೈಸೂರಿನಲ್ಲಿ 1948ರಲ್ಲಿ ಶುರುವಾದ ಕಂಪನಿಯ ಸೈಕಲ್ ಊದುಬತ್ತಿಗಂತೂ ಬೇರೆ ಹೆಸರೇ ಬೇಕಿರಲಿಲ್ಲ, ಸೈಕಲ್ ನೋಡಿದರೆ ಸಾಕು. ಮೈಸೂರ್ ಸ್ಯಾಂಡಲ್ ಸೋಪಿನ ಮೇಲಿನ ಪ್ರಾಣಿ ಶರಭ, ಸಿಂಹದ ಮೈಗೆ ಆನೆಯ ತಲೆ. ನಮ್ಮೂರಲ್ಲಿ ಅದು ಬರೀ 'ಆನೆ ಸೋಪು'. ಮದುವೆಗೆ, ಬಾಣಂತನಕ್ಕೆ ಮಾತ್ರ ಖರ್ಚಾಗುತ್ತಿತ್ತು.

ಅಂದರೆ ಇಡೀ ವ್ಯಾಪಾರ ಓದು ಬಾರದವರಿಗೂ ನಡೆಯುವ ಹಾಗೇ ಇತ್ತು. ಬಣ್ಣ, ಚಿತ್ರ, ಡಬ್ಬದ ಆಕಾರ ಇಷ್ಟಿದ್ದರೆ ಆಯಿತು. ನಾನು ಅದರಲ್ಲಿ ಎತ್ತಿದ ಕೈ. ಕಣ್ಣಿಗೆ ಬಟ್ಟೆ ಕಟ್ಟಿದರೂ ಯಾವ ಗೂಡಿನಲ್ಲಿ ಏನಿದೆ ಅಂತ ಹೇಳುತ್ತಿದ್ದೆ. ಬಾಯಿಲೆಕ್ಕ ಅಪ್ಪನಿಗಿಂತ ಬೇಗ. ಗಿರಾಕಿಗಳು 'ನಿನ್ನ ಮಗ ಬಲು ಚುರುಕು ಕಣಪ್ಪ' ಅಂದು ಹೋಗುತ್ತಿದ್ದರು. ಅದೇ ಹುಡುಗ ಶಾಲೆಯಲ್ಲಿ ಎದ್ದು ನಿಂತರೆ ಬೆವರು. ಪುಸ್ತಕದ ಸಾಲು ಒಂದೊಂದು ಸಲ ಒಂದೊಂದು ಥರ ಕಾಣುತ್ತಿತ್ತು. ಪ, ವ, ಷ ಮೂರೂ ಒಂದೇ ತಾಯಿಯ ಮಕ್ಕಳು. ಬ ಯಾವುದು, ಒ ಯಾವುದು ಅಂತ ಇವತ್ತು ಗೊತ್ತಾದದ್ದು ನಾಳೆಗೆ ಇರುತ್ತಿರಲಿಲ್ಲ. ನಮ್ಮ ಮೇಷ್ಟ್ರು ಕೆಟ್ಟವರೇನಲ್ಲ. 'ಅಂಗಡೀಲಿ ನೂರು ಸಾಮಾನು ನೆನಪಿಟ್ಕೋತೀಯ, ಐವತ್ತು ಅಕ್ಷರ ಆಗಲ್ವೇನೋ' ಅಂತ ಕೇಳಿ ಅಂಗೈಗೆ ಕೊಡುತ್ತಿದ್ದರು. ಆ ಪ್ರಶ್ನೆ ಸರಿಯಾಗಿಯೇ ಇತ್ತು, ಉತ್ತರ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಐವತ್ತು ಅಕ್ಷರ ಅಂದೆನಲ್ಲ, ಅದೂ ಪೂರ್ತಿ ನಿಜವಲ್ಲ. ಲೆಕ್ಕ ನನ್ನ ಕಡೆಯದು, ಬಿಡುವುದಿಲ್ಲ. ವರ್ಣಮಾಲೆಯಲ್ಲಿ 49. ಅದರಲ್ಲಿ ವ್ಯಂಜನ 34. ಒಂದೊಂದಕ್ಕೂ ಕಾಗುಣಿತ ಎಳೆದರೆ ಹದಿನೈದು ರೂಪ, ಒಟ್ಟು 510. ಒತ್ತಕ್ಷರ ಇನ್ನೂ ಮುಟ್ಟಿಯೇ ಇಲ್ಲ. ಕನ್ನಡ ಕಲಿಯುವ ಮಕ್ಕಳ ಬಗ್ಗೆ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಅಕ್ಷರಗಳ ಬಳಗ ಪೂರ್ತಿ ಕೈಗೆ ಹತ್ತುವುದು ನಾಲ್ಕನೇ ತರಗತಿಗೂ ಮುಗಿದಿರುವುದಿಲ್ಲ ಅಂತಿದೆ. ಯಾವ ತೊಂದರೆಯೂ ಇಲ್ಲದ ಮಕ್ಕಳ ಕಥೆಯೇ ಅದು. ಒಂದನೇ ತರಗತಿಯಲ್ಲೇ ಮಗು ಪೇಪರ್ ಓದಬೇಕು ಅನ್ನುವ ತಂದೆತಾಯಿಗಳು ಇದನ್ನು ಸ್ವಲ್ಪ ಕಿವಿಗೆ ಹಾಕಿಕೊಳ್ಳಿ.

ಈಗ ಹಲ್ಲುಪುಡಿಯ ವಿಷಯಕ್ಕೆ ಬರುತ್ತೇನೆ.

ನಮ್ಮ ಸೀಮೆಯಲ್ಲಿ ಆಗ ಪೇಸ್ಟು ಕೆಲವರ ಮನೆಯಲ್ಲಿ. ಮಿಕ್ಕವರಿಗೆ ಇದ್ದಿಲು, ಇಲ್ಲವೇ ನಂಜನಗೂಡು ಹಲ್ಲುಪುಡಿ. 1913ರಲ್ಲಿ ಬಿ. ವಿ. ಪಂಡಿತರು ನಂಜನಗೂಡಿನಲ್ಲಿ ಶುರು ಮಾಡಿದ ಸದ್ವೈದ್ಯಶಾಲೆಯ ಪುಡಿ. ನಮ್ಮ ಅಂಗಡಿಯಲ್ಲಿ ಇಂಗ್ಲಿಷ್ ಹೆಸರಿನ ಸಾಮಾನುಗಳ ನಡುವೆ ಕನ್ನಡದಲ್ಲಿ ಹೆಸರು ಹೊತ್ತು ಕೂತಿದ್ದ ಕೆಲವೇ ಪೊಟ್ಟಣಗಳಲ್ಲಿ ಅದೊಂದು. ನಾನು ನಾಲ್ಕನೇ ತರಗತಿಯಲ್ಲಿದ್ದಾಗ ಒಂದು ದಿನ ಅಪ್ಪ ಸಾಮಾನು ತರಲು ಹಾಸನದ ಕಟ್ಟಿನಕೆರೆ ಮಾರುಕಟ್ಟೆಗೆ ಹೋಗಿದ್ದರು. ಅಮ್ಮ ಒಳಗೆ. ಗಲ್ಲಾದ ಮೇಲೆ ನಾನು. ಒಬ್ಬಾತ ಲಗೇಜು ಸೈಕಲ್ಲಿನಲ್ಲಿ ಬಂದ. ಹಲ್ಲುಪುಡಿ ಇದೆ, ಡಜನ್ನಿಗೆ ಇಷ್ಟು ಕಡಿಮೆ, ನಾಲ್ಕು ಡಜನ್ ತಗೊಂಡರೆ ಇನ್ನೂ ಕಡಿಮೆ ಅಂದ. ಪೊಟ್ಟಣ ನೋಡಿದೆ, ಅದೇ ಬಣ್ಣ, ಅದೇ ಅಳತೆ. ಲೆಕ್ಕ ಹಾಕಿದೆ, ಲಾಭ ಕಂಡಿತು. ಗಲ್ಲಾದಿಂದ ದುಡ್ಡು ಎಣಿಸಿಕೊಟ್ಟೆ.

ಸಂಜೆ ಅಪ್ಪ ಬಂದು ಒಂದು ಪೊಟ್ಟಣ ಕೈಗೆ ತಗೊಂಡವರು ಬಾಗಿಲ ಬೆಳಕಿಗೆ ಹಿಡಿದರು. ಹೆಸರಿನ ಕೊನೆಯ ಎರಡು ಅಕ್ಷರ ಬೇರೆ. ಯಾರೋ ಎಲ್ಲೋ ಕೂತು ಕಟ್ಟಿದ ನಕಲಿ.

'ಓದಿ ನೋಡಿದ್ಯಾ?'

'ನೋಡ್ದೆ.'

'ಏನಂತಿದೆ, ಓದು.'

ನಾನು ಸರಾಗವಾಗಿ ಓದಿದೆ: 'ನಂಜನಗೂಡು ಹಲ್ಲುಪುಡಿ.'

ಅಪ್ಪ ಇನ್ನೊಂದು ಸಲ ಓದಿಸಿದರು, ಬೆರಳಿಟ್ಟು. ಅದನ್ನೇ ಹೇಳಿದೆ. ಬೆರಳು ಒಂದು ಕಡೆ ಇತ್ತು, ಬಾಯಿ ಇನ್ನೊಂದು ಕಡೆ. ಅಪ್ಪನಿಗೆ ಏನೋ ಹೊಳೆಯಿತು. ಹಲಗೆಯ ಮೇಲಿದ್ದ ಸಾಲದ ಪುಸ್ತಕ ಬಿಚ್ಚಿ ಒಂದು ಸಾಲು ತೋರಿಸಿದರು. ಅಪ್ಪನ ಕೈಬರಹ. ಅದನ್ನು ನಾನು ನಿಧಾನವಾಗಿ ಓದಿದೆ: 'ಪಾಲೆ ಒಂಬತ್ತು.'

ಅಲ್ಲಿ ಬರೆದದ್ದು ಪಾರ್ಲೆ.

ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ, ನೋಡಿ. ಪಾ. ಆಮೇಲೆ ಲೆ. ಆಮೇಲೆ ಈ ಕೊಂಡಿ. ಇದಕ್ಕೆ ಅರ್ಕಾವತ್ತು ಅಂತ ಹೆಸರು, ಹೆಸರಿನೊಳಗೇ ಅದೂ ಕೂತಿದೆ. ಬಾಯಲ್ಲಿ ಮೊದಲು ಬರುವುದು ರ್, ಆಮೇಲೆ ಲೆ. ಕೈ ಮೊದಲು ಬರೆಯುವುದು ಲೆ, ಆಮೇಲೆ ರ್. ಕಿವಿಗೊಂದು ಸರದಿ, ಕಣ್ಣಿಗೊಂದು ಸರದಿ. ಸಾಲದ್ದಕ್ಕೆ ನೋಡಲು ನಮ್ಮ ಕನ್ನಡದ ಒಂಬತ್ತರ ಹಾಗೇ ಇದೆ. ಅಪ್ಪ ಲೆಕ್ಕವನ್ನೆಲ್ಲ ಕನ್ನಡ ಅಂಕಿಯಲ್ಲೇ ಬರೆಯುತ್ತಿದ್ದರು. ಅಂಕಿ ಚೆನ್ನಾಗಿ ಬರುವ, ಅಕ್ಷರ ಬಾರದ ಹುಡುಗ ಇದನ್ನು ಏನಂತ ಓದಬೇಕು ಹೇಳಿ? ಆ ಕಾಲದ ದೊಡ್ಡ ದೊಡ್ಡ ಹೆಸರುಗಳನ್ನೇ ತಗೊಳ್ಳಿ: ಪಾರ್ಲೆ, ಸರ್ಫ್, ನಿರ್ಮಾ, ಹಾರ್ಲಿಕ್ಸ್. ಎಲ್ಲದರಲ್ಲೂ ಇದೇ ಕೊಂಡಿ! ಕಂಪನಿಯವರೆಲ್ಲ ಸೇರಿ ನನ್ನೊಬ್ಬನ ಮೇಲೆ ಪಿತೂರಿ ಮಾಡಿದ ಹಾಗಿತ್ತು.

ಅಪ್ಪ ಮೊದಲು ನಕ್ಕುಬಿಟ್ಟರು. ಆಮೇಲೆ ನಗು ನಿಂತಿತು. ಪರದೆಯ ಹತ್ತಿರ ಅಮ್ಮ ಅಕ್ಕಿಯಲ್ಲಿ ಕಲ್ಲು ಆರಿಸುತ್ತಾ ಕೂತಿದ್ದಳು. 'ಇವನಿಗೆ ಓದಕ್ಕೇ ಬರಲ್ಲ ಕಣೇ' ಅಂದರು ಅಪ್ಪ, ಯಾರೋ ಹೊರಗಿನವರ ಸುದ್ದಿ ಹೇಳಿದ ಹಾಗೆ. ಹೊಡೆತ ಬೀಳುತ್ತೆ ಅಂದುಕೊಂಡಿದ್ದೆ. ಬೀಳಲಿಲ್ಲ, ಅದೇ ಹೆಚ್ಚು ಭಯವಾಯಿತು.

ಈ ತೊಂದರೆಗೆ ಡಿಸ್ಲೆಕ್ಸಿಯಾ ಅಂತ ಹೆಸರಿದೆ, ನೀವು ತರಬೇತಿಯಲ್ಲಿ ಕೇಳಿರುತ್ತೀರಿ. ಹೆಸರಿಟ್ಟವರು ರುಡಾಲ್ಫ್ ಬರ್ಲಿನ್ ಅನ್ನುವ ಜರ್ಮನಿಯ ಕಣ್ಣಿನ ಡಾಕ್ಟರು, 1887ರಲ್ಲಿ. ಕಣ್ಣಿನ ಡಾಕ್ಟರು ಹೆಸರಿಟ್ಟರೂ ಇದು ಕಣ್ಣಿನ ದೋಷವಲ್ಲ. ಕನ್ನಡಕ ಹಾಕಿಸಿದರೆ ಹೋಗುವುದಿಲ್ಲ. ಬುದ್ಧಿ ಕಡಿಮೆ ಅಂತಲೂ ಅಲ್ಲ. ಮಾತಿನ ಸದ್ದನ್ನು ಬಿಡಿಸಿ ಅಕ್ಷರಕ್ಕೆ ಜೋಡಿಸುವ ಕಡೆ ಎಡವುತ್ತದೆ. 1896ರಲ್ಲಿ ಪ್ರಿಂಗಲ್ ಮಾರ್ಗನ್ ಅನ್ನುವ ಇಂಗ್ಲೆಂಡಿನ ಡಾಕ್ಟರು ಹದಿನಾಲ್ಕು ವರ್ಷದ ಒಬ್ಬ ಹುಡುಗನ ಬಗ್ಗೆ ಬರೆದರು. ಚುರುಕು ಹುಡುಗ, ಲೆಕ್ಕ ಸಲೀಸು, ಓದು ಮಾತ್ರ ಹತ್ತದು. ಪಾಠವೆಲ್ಲ ಬಾಯಲ್ಲೇ ನಡೆದಿದ್ದರೆ ಇವನೇ ಶಾಲೆಗೆ ಮೊದಲಿಗ ಅಂತ ಅವನ ಮೇಷ್ಟ್ರೇ ಹೇಳಿದ್ದರಂತೆ. ಅವನ ಹೆಸರು ಪರ್ಸಿ. ತನ್ನ ಹೆಸರನ್ನೇ ಅವನು ಪ್ರೆಸಿ ಅಂತ ಬರೆದಿದ್ದ. ಅಲ್ಲೂ ರಕಾರವೇ ಜಾಗ ಬಿಟ್ಟು ಓಡಿದ್ದು! ಕನ್ನಡದಲ್ಲಿ ಪರ್ಸಿ ಅಂತ ಬರೆದರೆ ಆ ಕೊಂಡಿಯೂ ಬಂತು. ಇದನ್ನು ಮೊದಲ ಸಲ ತಿಳಿದಾಗ ನನಗೆ ನೂರು ವರ್ಷದ ಹಿಂದಿನ ಒಬ್ಬ ತಮ್ಮ ಸಿಕ್ಕಂತಾಯಿತು.

ಇನ್ನೊಂದು ವಿಷಯ ನನ್ನ ವ್ಯಾಪಾರಕ್ಕೆ ಸಂಬಂಧಪಟ್ಟದ್ದು. 1984ರಲ್ಲಿ ಅಮೆರಿಕದ ಮೂವರು ಸಂಶೋಧಕರು ಮೂರರಿಂದ ಐದು ವರ್ಷದ ಮಕ್ಕಳನ್ನು ಪರೀಕ್ಷಿಸಿದರು. ಅಂಗಡಿ ಬೋರ್ಡು, ಪೊಟ್ಟಣ ನೋಡಿ ಹೆಸರು ಪಟಪಟ ಹೇಳುವ ಮಕ್ಕಳು. ಪೆಪ್ಸಿಯ ಮೊದಲ ಅಕ್ಷರವನ್ನು ಬದಲಿಸಿ, ಬಣ್ಣ ಗಿಣ್ಣ ಎಲ್ಲ ಹಾಗೇ ಉಳಿಸಿ ತೋರಿಸಿದರು. ಹೆಚ್ಚಿನ ಮಕ್ಕಳು ಪೆಪ್ಸಿ ಅಂತಲೇ ಹೇಳಿದರು. ಬದಲಾಗಿದೆ ಅಂತ ಅವರಿಗೆ ಕಾಣಲೇ ಇಲ್ಲ. ಆ ಲಗೇಜು ಸೈಕಲ್ಲಿನವನು ನನ್ನ ಮೇಲೆ ಮಾಡಿದ ಪರೀಕ್ಷೆಯೂ ಅದೇ. ಅವನು ದುಡ್ಡು ತಗೊಂಡ, ಇವರು ತಗೊಳ್ಳಲಿಲ್ಲ.

ಹಾಗಾಗಿ, ನಿಮ್ಮ ಮನೆಯ ಎರಡೂವರೆ ವರ್ಷದ ಕೂಸು ಬಿಸ್ಕತ್ತಿನ ಹೆಸರು ಹೇಳಿದಾಗ 'ನೋಡ್ರೀ, ಆಗಲೇ ಓದ್ತಾಳೆ' ಅಂತ ಹಿಗ್ಗುತ್ತೀರಲ್ಲ, ಹಿಗ್ಗಿ, ತಪ್ಪಿಲ್ಲ. ಆದರೆ ಅದು ಅಜ್ಜಿಯ ಮುಖ ಗುರುತು ಹಿಡಿದ ಹಾಗೆ. ಅಜ್ಜಿಯ ಮುಖವನ್ನು ಯಾರೂ ಓದುವುದಿಲ್ಲ. ಪೊಟ್ಟಣದ ಮುಖ ಗುರುತು ಹಿಡಿಯುವ ಈ ವಿದ್ಯೆಯಲ್ಲಿ ನಾನು ಎಷ್ಟು ಪಳಗಿದ್ದೆ ಅಂದರೆ, ಅದರ ಹಿಂದೆ ಐದು ವರ್ಷ ಬಚ್ಚಿಟ್ಟುಕೊಂಡಿದ್ದೆ. ಬಚ್ಚಿಟ್ಟುಕೊಂಡಿದ್ದೇನೆ ಅಂತ ನನಗೇ ಗೊತ್ತಿರಲಿಲ್ಲ.

ಅಮ್ಮ ಓದಿದ್ದು ನಾಲ್ಕನೇ ಕ್ಲಾಸು. ಮಾರನೆಯ ದಿನ ಆ ನಕಲಿ ಪೊಟ್ಟಣವನ್ನೂ ಅಸಲಿಯನ್ನೂ ತಗೊಂಡು ಕತ್ತರಿ ಹಾಕಿದಳು. ಪುಡಿ ಡಬ್ಬಕ್ಕೆ ಸುರಿದು, ಹೆಸರಿನ ಪಟ್ಟಿ ಮಾತ್ರ ಉಳಿಸಿ, ಅಕ್ಷರ ಅಕ್ಷರ ಬಿಡಿಬಿಡಿಯಾಗಿ ಕತ್ತರಿಸಿದಳು. ಬಣ್ಣ ಹೋಯಿತು, ಆಕಾರ ಹೋಯಿತು. ಚೂರುಗಳನ್ನು ಕಲಸಿ ಮೊರದಲ್ಲಿ ಹಾಕಿ 'ಈಗ ಹೇಳು' ಅಂದಳು. ದಿನಕ್ಕೆ ಹತ್ತು ಪೊಟ್ಟಣ ಮಾರುತ್ತಿದ್ದವನಿಗೆ ಒಂದು ಚೂರೂ ಗುರುತು ಸಿಗಲಿಲ್ಲ. ಆ ಹೊತ್ತಿನ ನಾಚಿಕೆ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಆಮೇಲೆ ಅವಳು ಮಾಡಿಸಿದ್ದು ಇದು. ಹೆಸರನ್ನು ಬಾಯಲ್ಲಿ ನಿಧಾನ ಹೇಳಬೇಕು. ನಂ... ಜ... ನ... ಗೂ... ಡು. ಒಂದೊಂದಕ್ಕೂ ಒಂದು ಹುಣಸೆಬೀಜ ಇಡಬೇಕು. ಐದು ಬೀಜ. ಈಗ ಮೂರನೆಯ ಬೀಜ ತೆಗೆದರೆ ಏನುಳಿಯಿತು? ಕೊನೆಯ ಎರಡೇ ಇಟ್ಟರೆ? ಹೀಗೆ ಬೀಜದ ಆಟವೇ ಎಂಟು ಹತ್ತು ದಿನ ನಡೆಯಿತು, ಅಕ್ಷರ ಮುಟ್ಟಲೇ ಇಲ್ಲ. ಆಮೇಲೆ ಬೀಜದ ಜಾಗಕ್ಕೆ ಕಾಗದದ ಚೂರು. ಆಮೇಲೆ ಮೊರದ ತುಂಬಾ ರಾಗಿಹಿಟ್ಟು ಹರಡಿ ಅದರ ಮೇಲೆ ಬೆರಳಲ್ಲಿ ತಿದ್ದುವುದು, ತಿದ್ದುವಾಗ ಗಟ್ಟಿಯಾಗಿ ಹೇಳುವುದು. ಹಳೆಯ ಕೂಲಿಮಠಗಳಲ್ಲಿ ಮರಳಿನ ಮೇಲೆ ತಿದ್ದಿಸುತ್ತಿದ್ದರಲ್ಲ, ಅದೇ. ಕಣ್ಣು, ಕಿವಿ, ಬೆರಳು ಒಟ್ಟಿಗೆ ದುಡಿಯಬೇಕು ಅನ್ನುವ ಇದೇ ದಾರಿಯನ್ನು ಅಮೆರಿಕದಲ್ಲಿ ಆರ್ಟನ್ ಮತ್ತು ಗಿಲ್ಲಿಂಗ್‌ಹ್ಯಾಮ್ ಅನ್ನುವವರು 1930ರ ದಶಕದಲ್ಲಿ ಕಟ್ಟಿದ್ದರು ಅಂತ ನನಗೆ ತಿಳಿದದ್ದು ಬಹಳ ಈಚೆಗೆ. ಅಮ್ಮನಿಗೆ ಅದೆಲ್ಲ ಎಲ್ಲಿಂದ ಗೊತ್ತು? ಅಕ್ಕಿಯ ತಟ್ಟೆಯಲ್ಲಿ ಓಂ ಬರೆಸುವುದನ್ನು ನೋಡಿದ್ದಳು. ಅಕ್ಕಿ ದುಬಾರಿ, ರಾಗಿಹಿಟ್ಟು ಮನೆಯಲ್ಲಿತ್ತು. ನಾನು ತಿದ್ದಿದ ಹಿಟ್ಟೇ ರಾತ್ರಿಗೆ ಮುದ್ದೆಯಾಗುತ್ತಿತ್ತು.

ಒಂದು ಸಂಜೆ ಮೊರದಲ್ಲಿದ್ದ ಚೂರುಗಳನ್ನು ಅಮ್ಮ ಹಿಂದೆ ಮುಂದೆ ಸರಿಸಿ ಎರಡನ್ನು ಪಕ್ಕ ಪಕ್ಕ ಇಟ್ಟಳು. ಜ. ನ. ಸುಮಾರು ಹೊತ್ತು ನೋಡಿ 'ಜನ' ಅಂದೆ. ಜನ ಅನ್ನುವುದು ಯಾವ ಕಂಪನಿಯ ಮಾಲೂ ಅಲ್ಲ. ಅದಕ್ಕೆ ಬಣ್ಣವಿಲ್ಲ, ಡಬ್ಬವಿಲ್ಲ. ನಾನು ಜೀವನದಲ್ಲಿ ಓದಿದ ಮೊದಲ ಪದ ಅದು. ಆಮೇಲೆ 'ಗೂಡು' ಬಂತು. ನಂಜನಗೂಡು ಅನ್ನುವ ಹೆಸರಿನಲ್ಲಿ ಒಂದೂ ಒತ್ತಕ್ಷರ ಇಲ್ಲ, ಗಮನಿಸಿದ್ದೀರಾ? ಅಮ್ಮ ಆರಿಸಿಕೊಂಡದ್ದಲ್ಲ, ನನ್ನ ಅದೃಷ್ಟ. ಹಲ್ಲುಪುಡಿಯ 'ಲ್ಲು'ವಿಗೆ ಬರುವಷ್ಟರಲ್ಲಿ ಮಳೆಗಾಲ ಬಂದಿತ್ತು. ಪಾರ್ಲೆಯ ಕೊಂಡಿಗೆ ಇನ್ನೊಂದು ವರ್ಷ.

ಅಪ್ಪನ ಪಾಲಿನದು ಈ ಪುಸ್ತಕ. ತಂದಿದ್ದೇನೆ, ಕೈಯಿಂದ ಕೈಗೆ ಕಳಿಸುತ್ತೇನೆ, ಹುಷಾರಾಗಿ ತಿರುವಿ, ಹಾಳೆ ಉದುರುತ್ತವೆ. ಸಾಲದ ಪುಸ್ತಕದಲ್ಲಿ ಇನ್ನು ಮುಂದೆ ನೀನೇ ಬರೆಯಬೇಕು ಅಂದರು. 'ಬರಲ್ಲ' ಅಂದೆ. 'ಬಂದಷ್ಟು ಬರಿ, ಬರದಿದ್ರೆ ಚಿತ್ರ ಬರಿ, ಆದ್ರೆ ಚಿತ್ರದ ಪಕ್ಕ ಒಂದಾದ್ರೂ ಅಕ್ಷರ ಇರಬೇಕು.' ಮೊದಲ ಪುಟ ನೋಡಿ. ಗಿರಾಕಿಯ ಜಾಗದಲ್ಲಿ ಒಂದು ಮೀಸೆ. ಎದುರಿಗೆ ಬೆಂಕಿಪೊಟ್ಟಣ, ಊದುಬತ್ತಿಗೆ ಸೈಕಲ್ ಚಕ್ರ ಒಂದೇ ಒಂದು, ಪಕ್ಕದಲ್ಲಿ 'ಸ' ಅಂತ ಏನೋ ಇದೆ, ತಿರುಗುಮುರುಗಾಗಿ. ಕೆಳಗೆ ಉರುಟಾಗಿ ಕಾಣುವುದು ಆಲೂಗಡ್ಡೆ. ಅದು ಸಾಮಾನಲ್ಲ. 'ಆಲೂಗಡ್ಡೆ ಕಿತ್ತ ಮೇಲೆ ಕೊಡ್ತೀನಿ' ಅಂದ ಅಂತ ಗುರುತು. ನಮ್ಮ ಕಡೆ ಎಲ್ಲ ಸಾಲವೂ ಆಲೂಗಡ್ಡೆಗೇ ಕಾಯುತ್ತಿತ್ತು. ಬೆಳೆ ಕೊಳೆತ ವರ್ಷ ಆ ಉರುಟು ಎಷ್ಟು ಪುಟ ಹಾಗೇ ಉಳಿದಿವೆ, ಎಣಿಸಿ ಬೇಕಾದರೆ.

ಹಾಳೆ ತಿರುವುತ್ತಾ ಹೋದರೆ ಚಿತ್ರ ಸಣ್ಣದಾಗುತ್ತಾ ಬರುತ್ತದೆ. ಮೀಸೆ ಹೋಗಿ ಹೆಸರು ಬರುತ್ತದೆ, ತಪ್ಪು ತಪ್ಪಾಗಿ. ಅಪ್ಪ ಎಲ್ಲೂ ಕಾಟು ಹೊಡೆದಿಲ್ಲ. ಲೆಕ್ಕ ತಪ್ಪಿದ ಕಡೆ ಮಾತ್ರ ಗೆರೆ ಎಳೆದಿದ್ದಾರೆ. ಮೇಷ್ಟ್ರುಗಳೇ, ಇದೊಂದನ್ನು ಬೇಡಿಕೊಳ್ಳುತ್ತೇನೆ. ನನ್ನಂಥ ಮಗುವಿನ ಪುಸ್ತಕ ಕೆಂಪು ಮಾಡಬೇಡಿ, ಎಲ್ಲರ ಮುಂದೆ ನಿಲ್ಲಿಸಿ ಓದಿಸಬೇಡಿ. ಶಾಲೆಯಲ್ಲಿ ನಾನು ನಾಲ್ಕನೇ ತರಗತಿಯಲ್ಲೇ ಇನ್ನೊಂದು ವರ್ಷ ಕೂತೆ. ಎಸ್ಸೆಸ್ಸೆಲ್ಸಿ ಎರಡನೇ ಸಲಕ್ಕೆ ಆಯಿತು. ಅದರ ಕಥೆಯಲ್ಲಿ ಹೇಳುವಂಥದ್ದೇನಿಲ್ಲ.

ನನ್ನ ತೊಂದರೆಗೆ ಒಂದು ಹೆಸರಿದೆ ಅಂತ ಗೊತ್ತಾದದ್ದು ಮಗಳಿಂದ. ಮೂರನೇ ತರಗತಿಯಲ್ಲಿ ಅವಳೂ ಹಾಗೇ ಶುರು ಮಾಡಿದಳು. ಇದು ಮನೆತನದಲ್ಲಿ ಇಳಿದು ಬರುವುದುಂಟು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರದು, ಅಲ್ಲಿಗೆ ಕರೆದುಕೊಂಡು ಹೋದೆವು. ಅಲ್ಲಿನ ಮೇಡಂ ಅವಳನ್ನು ಎದುರಿಗೆ ಕೂರಿಸಿಕೊಂಡು ಕೇಳಿದರು: 'ಪುಟ್ಟಿ, ಕಮಲ ಅನ್ನೋದ್ರಲ್ಲಿ ಮ ತೆಗೆದ್ರೆ ಏನಾಗತ್ತೆ?' ನನ್ನ ಕಣ್ಣಿಗೆ ಹುಣಸೆಬೀಜ ಕಂಡವು. ಹೆಂಡತಿ 'ಯಾಕ್ರೀ' ಅಂತ ಕೇಳಿದಳು. ಹೊರಗೆ ಬಂದು ಹೇಳಿದೆ.

ಅವಳ ಕಾಲ ವಾಸಿ. 1995ರ ಕಾಯ್ದೆಯಲ್ಲಿ ಈ ತೊಂದರೆಯ ಸುದ್ದಿಯೇ ಇರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳ ಪಟ್ಟಿಯಲ್ಲಿ ನಿರ್ದಿಷ್ಟ ಕಲಿಕಾ ತೊಂದರೆಯೂ ಸೇರಿದೆ. ಅವಳಿಗೆ ಪರೀಕ್ಷೆಯಲ್ಲಿ ಹೆಚ್ಚು ಸಮಯ ಸಿಕ್ಕಿತು. 'ಸರ್ಟಿಫಿಕೇಟು ಮಾಡಿಸಿದರೆ ಮಗೂಗೆ ಹಣೆಪಟ್ಟಿ ಕಟ್ಟಿದ ಹಾಗಲ್ವಾ' ಅಂತ ಒಬ್ಬರು ಒಳಗೆ ಬರುವಾಗ ನನ್ನನ್ನು ಕೇಳಿದರು. ದಡ್ಡ ಅನ್ನುವ ಹಣೆಪಟ್ಟಿಯನ್ನು ನಾವು ಯಾವ ಆಫೀಸಿಗೂ ಅಲೆಯದೆ ಪುಕ್ಕಟೆ ಕಟ್ಟಿಬಿಡುತ್ತೇವಲ್ಲ ತಾಯಿ, ಅದಕ್ಕಿಂತ ಇದು ಮೇಲು.

ಹಾಲಿಗೆ ಕಲಸುವ ಪುಡಿಗಳ ಬಗ್ಗೆಯೂ ಕೇಳುತ್ತಾರೆ, ಅದನ್ನು ಕುಡಿಸಿದರೆ ಬುದ್ಧಿ ಚುರುಕಾಗುತ್ತಾ ಅಂತ. ನನ್ನ ವ್ಯಾನಿನಲ್ಲೂ ಇರುತ್ತವೆ, ಮಾರುತ್ತೇನೆ, ಕಮಿಷನ್ನೂ ಬರುತ್ತದೆ. ಅಕ್ಷರ ಹತ್ತದ ಮಗುವಿಗೆ ಅದರಿಂದ ಅಕ್ಷರ ಹತ್ತುವುದಿಲ್ಲ. ಡಬ್ಬದ ಮೇಲಿನ ಹೆಸರು ಕತ್ತರಿಸಿ ಹುಣಸೆಬೀಜದ ಪಕ್ಕ ಇಟ್ಟರೆ ಹತ್ತಬಹುದು.

ಈಗಲೂ ಓದಲು ತೊಂದರೆ ಇದೆಯಾ ಅಂತ ಹಿಂದಿನ ಸಾಲಿನಿಂದ ಚೀಟಿ ಬಂದಿದೆ. ಇದೆ. ಈ ಚೀಟಿಯನ್ನೇ ಎರಡು ಸಲ ಓದಿದೆ. ಪೇಪರು ನಿಧಾನ, ಹೊಸ ಊರಿನ ಬೋರ್ಡು ಇನ್ನೂ ನಿಧಾನ. ಬಿಲ್ಲು ಈಗ ಕಂಪ್ಯೂಟರಿನಲ್ಲಿ, ಹುಡುಗರು ಹಾಕುತ್ತಾರೆ. ಆದರೆ ಅಂಗಡಿಗಳಿಂದ ಆರ್ಡರು ನಾನೇ ಬರೆದುಕೊಳ್ಳುತ್ತೇನೆ, ಕೈಯಲ್ಲಿ, ಕನ್ನಡದಲ್ಲಿ. ಪಾರ್ಲೆ ಬರೆಯುತ್ತೇನೆ, ಕೊಂಡಿ ಸರಿಯಾದ ಜಾಗಕ್ಕೆ ಬೀಳುತ್ತದೆ. ಒಂದೇ ಒಂದು ಹೆಸರು ಇವತ್ತಿಗೂ ಕೈಗೆ ಸಿಕ್ಕಿಲ್ಲ, ಅಮೃತಾಂಜನ. 1893ರಿಂದ ಇರುವ ಕಂಪನಿ, ನಮ್ಮಜ್ಜಿಯ ತಲೆನೋವು, ಅಮ್ಮನ ಮಂಡಿನೋವು ಎರಡನ್ನೂ ನೋಡಿಕೊಂಡ ಸೀಸೆ. ಆ ಮ ಕೆಳಗಿನ ಸುಳಿ ಎಡಕ್ಕೋ ಬಲಕ್ಕೋ, ಸೊನ್ನೆ ತ ಆದ ಮೇಲೋ ಮೊದಲೋ, ಪೆನ್ನು ನಿಂತುಬಿಡುತ್ತದೆ. ಗಿರಾಕಿ ಕಾಯುತ್ತಿರುತ್ತಾರೆ. ಆಗ ಹಳದಿ ಸೀಸೆಯ ಚಿತ್ರವೊಂದನ್ನು ಸಣ್ಣದಾಗಿ ಬರೆದು, ಪಕ್ಕದಲ್ಲಿ 'ಅ' ಹಾಕಿ, ಎಷ್ಟು ಡಜನ್ ಅಂತ ಕೇಳುತ್ತೇನೆ.